ಎಫ್‌ಐಆರ್ ಪ್ರತಿ: ಆನ್‌ಲೈನ್‌ನಲ್ಲಿ ಹುಡುಕಬೇಡಿ, ಠಾಣೆಯಲ್ಲೇ ಕೇಳಿ
ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಮನೆ ಗೇಟಿನವರೆಗೂ ಒಬ್ಬ ನನ್ನ ತಂಗಿಯನ್ನು ಎರಡು ತಿಂಗಳು ಹಿಂಬಾಲಿಸಿದ. ದೂರು ಕೊಟ್ಟೆವು. ಎಫ್‌ಐಆರ್ ಪ್ರತಿ ಕೇಳಿದರೆ ಠಾಣೆಯಲ್ಲಿ 'ಆನ್‌ಲೈನ್‌ನಲ್ಲಿ ನೋಡ್ಕೊಳ್ರಿ' ಅಂದರು. ರಾತ್ರಿ ಮೊಬೈಲ್‌ನಲ್ಲಿ ಠಾಣೆ, ವರ್ಷ, ನಂಬರ್ ಎಲ್ಲ ಹಾಕಿ ಹಾಕಿ ಹುಡುಕಿದೆವು, ಏನೂ ಬರಲಿಲ್ಲ, ಕೇಸೇ ಹಾಕಿಲ್ಲವೇನೋ ಅಂತ ತಂಗಿ ಮುಖ ಸಣ್ಣದಾಯಿತು. ಆಮೇಲೆ ಗೊತ್ತಾಯಿತು, 2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಿ ಅಂದಾಗಲೇ ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳನ್ನು ಹೊರಗಿಟ್ಟಿದೆ. ಅದು ಸರಿಯೇ. ಅವಳ ಹೆಸರು, ವಿಳಾಸ ಕಂಡಕಂಡವರ ಕೈಗೆ ಯಾಕೆ ಸಿಗಬೇಕು ಅಲ್ವಾ? ಆದರೆ ದೂರು ಕೊಟ್ಟವರಿಗೆ ಪ್ರತಿಯನ್ನು ಪುಕ್ಕಟೆ ಕೊಡಬೇಕು ಅಂತ ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆಯ ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ನ 173ನೇ ಕಲಮಿನಲ್ಲೇ ಇದೆ. ಮರುದಿನ ಅದನ್ನು ಹೇಳಿದ ಮೇಲೆ ಅರ್ಧ ಗಂಟೆಯಲ್ಲಿ ಸೀಲು ಹಾಕಿದ ಪ್ರತಿ ಕೈಗೆ ಬಂತು, ಸೀಲಿನ ಶಾಯಿ ಇನ್ನೂ ಹಸಿ ಇತ್ತು. ಅದರಲ್ಲಿ ಹೆಣ್ಣನ್ನು ಹಿಂಬಾಲಿಸುವ ಅಪರಾಧಕ್ಕಿರುವ ಬಿಎನ್‌ಎಸ್ (ಹೊಸ ದಂಡ ಸಂಹಿತೆ) 78 ಅಂತ ಬರೆದಿದ್ದಾರಾ ನೋಡಿಕೊಳ್ಳಿ, 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದರೆ ಹಳೆಯ ಐಪಿಸಿಯ 354ಡಿ. ವೆಬ್‌ಸೈಟ್ ಗುಟ್ಟು ಕಾಪಾಡಿದ್ದಕ್ಕೆ ನಾಲ್ಕು ಸ್ಟಾರ್. ಸುಮ್ನೆ ಅಲೆದಾಡಿಸಿದ ಠಾಣೆಗೆ ಎರಡೇ.