ಪೈಥಾನ್‌ನಲ್ಲಿ ಡೀಫಾಲ್ಟ್ ಕೊಡಲು ‘ಆರ್’, ‘ಗೆಟ್’, ‘ಇಫ್–ಎಲ್ಸ್’: ತೋಟದ ಮಳೆ ಲೆಕ್ಕಕ್ಕೆ ಯಾವುದು?

ಡೀಫಾಲ್ಟ್ ಎಂದರೆ ಬೆಲೆ ಇಲ್ಲದಾಗ ಅದರ ಜಾಗಕ್ಕೆ ಹಾಕುವ ಬದಲಿ ಬೆಲೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಉದ್ದನೆಯ ‘ಇಫ್–ಎಲ್ಸ್’ಗೆ. ಒಂದೇ ಸಾಲಿನಲ್ಲಿ ಚಿಕ್ಕದಾಗಿ ಮುಗಿಯಲಿ ಅಂತ ‘ಆರ್’ ಹಾಕಿದರೆ, ಮೂಡಿಗೆರೆ ಕಡೆಯ ಕಾಫಿ ತೋಟದ ಮಳೆ ಲೆಕ್ಕ ಫೆಬ್ರವರಿಯಲ್ಲೇ ಕೆಡುತ್ತದೆ. ಕೆಳಗಿನ ಕೋಡ್ ಸಾಲುಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಟೈಪ್ ಮಾಡುವಾಗ ಪೈಥಾನ್‌ನ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ‘ನಮ್ಮ_ಮಳೆ’ಯಂಥ ಹೆಸರುಗಳು ಕನ್ನಡದಲ್ಲೇ ಇದ್ದರೂ ಪೈಥಾನ್ 3 ಒಪ್ಪಿಕೊಳ್ಳುತ್ತದೆ.

ಕೆಲಸ ಇಷ್ಟೇ. ಮಳೆಮಾಪಕದ ಅಳತೆ ದಿನವೂ ಮಿಲಿಮೀಟರ್‌ನಲ್ಲಿ ಜೇಸನ್ ಎಂಬ ಮಾದರಿಯ ಡೇಟಾ ಫೈಲಿಗೆ ಹೋಗುತ್ತದೆ. ಯಾರೂ ಅಳೆಯದ ದಿನ ಅಲ್ಲಿ ‘ನಲ್’ ಇರುತ್ತದೆ, ಪೈಥಾನ್ ಅದನ್ನು ‘ನನ್’, ಅಂದರೆ ‘ಬೆಲೆಯೇ ಇಲ್ಲ’, ಅಂತ ಓದುತ್ತದೆ. ಅಂಥ ದಿನ ಪಕ್ಕದ ತೋಟದ ಅಳತೆಯನ್ನು ತೆಗೆದುಕೊಳ್ಳಬೇಕು.

ಮಳೆ = ನಮ್ಮ_ಮಳೆ ಆರ್ ಪಕ್ಕದ_ಮಳೆ

ನೋಡಲು ಎಷ್ಟು ಚೆನ್ನಾಗಿದೆ! ಆದರೆ ಎಡಗಡೆ ಅಳತೆ ಇದೆಯೋ ಇಲ್ಲವೋ ಎಂದು ‘ಆರ್’ ನೋಡುವುದೇ ಇಲ್ಲ. ಅದು ‘ನಿಜ’ದ ಲೆಕ್ಕಕ್ಕೆ ಬರುತ್ತದೆಯೋ ಎಂದಷ್ಟೇ ನೋಡುತ್ತದೆ, ಬರದಿದ್ದರೆ ಬಲಗಡೆಯದನ್ನು ಕೊಡುತ್ತದೆ. 0, 0.0, ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು), ಖಾಲಿ ಲಿಸ್ಟ್, ‘ನನ್’ ಎಲ್ಲವೂ ಅದರ ಕಣ್ಣಿಗೆ ಒಂದೇ. ‘ಅಳೆದೆವು, ಮಳೆ ಬಂದಿಲ್ಲ’ ಎನ್ನುವುದಕ್ಕೂ ‘ಅಳೆದೇ ಇಲ್ಲ’ ಎನ್ನುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಮಲೆನಾಡಿನಲ್ಲಿ ಇದು ಸಣ್ಣ ತಪ್ಪಲ್ಲ. ಫೆಬ್ರವರಿ–ಮಾರ್ಚ್‌ನ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಗುಡ್ಡದ ಒಂದು ಮಗ್ಗುಲಿಗೆ ಸುರಿದು ಇನ್ನೊಂದು ಮಗ್ಗುಲನ್ನು ಒದ್ದೆಯನ್ನೂ ಮಾಡದೆ ಹೋಗುವುದುಂಟು. ನಮ್ಮ ಮಾಪಕದಲ್ಲಿ 0, ಪಕ್ಕದವರಲ್ಲಿ 28 ಅಂದುಕೊಳ್ಳಿ. ‘ಆರ್’ ನಮ್ಮ ಹೆಸರಿಗೂ 28 ಬರೆಯುತ್ತದೆ. 28 ಮಿಲಿಮೀಟರ್ ಎಂದರೆ ಒಂದಿಂಚಿಗಿಂತ ಹೆಚ್ಚು, ಇಂಚಿನ ನೂರನೇ ಒಂದು ಭಾಗವನ್ನು ಸೆಂಟು ಎನ್ನುವ ಪ್ಲಾಂಟರುಗಳ ಲೆಕ್ಕದಲ್ಲಿ 110 ಸೆಂಟು. ವರದಿ ನೋಡಿದವರು ರೋಬಸ್ಟಾ ಕಾಫಿಗೆ ಹೂಮಳೆ ಸಾಕಾಯಿತು ಎಂದು ಸ್ಪ್ರಿಂಕ್ಲರ್ ಹಚ್ಚುವುದಿಲ್ಲ. ಮೊಗ್ಗು ಒಣಗಿಕೊಂಡೇ ನಿಲ್ಲುತ್ತದೆ. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ, ಪ್ರೋಗ್ರಾಂ ಸರಾಗ ಓಡುತ್ತದೆ. ಜೂನ್–ಜುಲೈ ಡೇಟಾ ಹಾಕಿ ಪರೀಕ್ಷಿಸಿದರೆ ಸಿಕ್ಕಿಬೀಳುವುದೂ ಕಷ್ಟ, ಆಗ ಸೊನ್ನೆಯ ದಿನಗಳೇ ಅಪರೂಪ.

ಇದೇ ಡೇಟಾ ಅಲ್ಪವಿರಾಮದಿಂದ ಕೋಶಗಳನ್ನು ಬೇರ್ಪಡಿಸುವ ಪಠ್ಯ ಫೈಲಾದ ಸಿಎಸ್‌ವಿಯಲ್ಲಿದ್ದರೆ ಇನ್ನೊಂದು ಗೋಜಲು. ಸಿಎಸ್‌ವಿಯಿಂದ ಬರುವುದೆಲ್ಲ ಸ್ಟ್ರಿಂಗ್, ಉದ್ಧರಣ ಚಿಹ್ನೆಯೊಳಗಿನ "0" ಖಾಲಿಯಲ್ಲ, ಆದ್ದರಿಂದ ಅದು ‘ನಿಜ’. ಹಾಗಾಗಿ

ಫ್ಲೋಟ್(ಸಾಲು["ಮಳೆ"] ಆರ್ ಪಕ್ಕದ_ಮಳೆ)

ಸರಿಯಾದ ಉತ್ತರ ಕೊಡುತ್ತದೆ (ಸ್ಟ್ರಿಂಗನ್ನು ಸಂಖ್ಯೆ ಮಾಡುವುದು ‘ಫ್ಲೋಟ್’). ಬ್ರಾಕೆಟ್ ಎರಡು ಪದ ಹಿಂದೆ ಸರಿದು

ಫ್ಲೋಟ್(ಸಾಲು["ಮಳೆ"]) ಆರ್ ಪಕ್ಕದ_ಮಳೆ

ಆದರೆ ಎರಡು ಕಡೆ ಹಾಳು. ಸೊನ್ನೆ ನುಂಗಿಹೋಗುತ್ತದೆ, ಖಾಲಿ ಕೋಶ ಬಂದಾಗ ‘ವ್ಯಾಲ್ಯೂಎರರ್’ ಬರುತ್ತದೆ. ಕೋಶದಲ್ಲಿ ಯಾರೋ ಒಂದು ಸ್ಪೇಸ್ ಒತ್ತಿಟ್ಟಿದ್ದರಂತೂ ಅದೂ ‘ನಿಜ’ವೇ, ಮೊದಲ ಸಾಲೂ ಬೀಳುತ್ತದೆ. ಮೊದಲು ‘ಸ್ಟ್ರಿಪ್’ ಮಾಡಿ, ಅಂದರೆ ಎರಡೂ ತುದಿಯ ಸ್ಪೇಸ್ ತೆಗೆದು, ಮುಂದಕ್ಕೆ ಹೋಗಿ. ಬ್ರಾಕೆಟ್ಟಿನ ಜಾಗದ ಮೇಲೆ ಸರಿ–ತಪ್ಪು ನಿಂತಿರುವ ಕೋಡನ್ನು ಆರು ತಿಂಗಳು ಬಿಟ್ಟು ತಿದ್ದಲು ಕೂತವರು ಖಂಡಿತ ಕೆಡಿಸುತ್ತಾರೆ.

‘ಗೆಟ್’ ವಿಷಯ ಬೇಗ ಮುಗಿಯುತ್ತದೆ. ದಾಖಲೆ.ಗೆಟ್("ಮಳೆ", 0) ಎಂದರೆ ‘ಮಳೆ’ ಎಂಬ ಕೀ (ದಾಖಲೆಯೊಳಗಿನ ಹೆಸರು) ಇಲ್ಲದಿದ್ದರೆ ಮಾತ್ರ 0. ಕೀ ಇದ್ದು ಅದರಲ್ಲಿ ‘ನನ್’ ಕೂತಿದ್ದರೆ ಆ ‘ನನ್’ ಹಾಗೇ ಕೈಗೆ ಬರುತ್ತದೆ, ಕೂಡಲು ಹೋದಾಗ ‘ಟೈಪ್‌ಎರರ್’. ಡೀಫಾಲ್ಟ್ ಜಾಗದಲ್ಲಿ ಫಂಕ್ಷನ್ ಕರೆದರೆ, ಬೇಕಿರಲಿ ಬೇಡದಿರಲಿ, ಅದು ಓಡಿಯೇ ತೀರುತ್ತದೆ. ‘ಆರ್’ ಮತ್ತು ‘ಇಫ್–ಎಲ್ಸ್’ ಅಗತ್ಯ ಬಿದ್ದಾಗ ಮಾತ್ರ ಓಡಿಸುತ್ತವೆ. ಸೆಟ್ಟಿಂಗ್ಸ್ ಫೈಲಿಗೆ ‘ಗೆಟ್’ ಒಳ್ಳೆಯದು, ಅಳತೆಗಳಿಗೆ ಬೇಡ.

ಇನ್ನು ನಾನು ಬಳಸುವುದು:

ಮಳೆ = ನಮ್ಮ_ಮಳೆ ಇಫ್ ನಮ್ಮ_ಮಳೆ ಈಸ್ ನಾಟ್ ನನ್ ಎಲ್ಸ್ ಪಕ್ಕದ_ಮಳೆ

ಹೆಸರು ಎರಡೆರಡು ಸಲ ಬರೆಯಬೇಕು, ನಿಜ. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಇದು ಕೇಳುತ್ತದೆ. ಈ ರೂಪ ಬಂದದ್ದು 2006ರ ಪೈಥಾನ್ 2.5ರಲ್ಲಿ. ಅದಕ್ಕೂ ಮುಂಚೆ ‘ಆಂಡ್’ ಮತ್ತು ‘ಆರ್’ ಜೋಡಿಸಿ ಇದೇ ಕೆಲಸ ಮಾಡಿಸುತ್ತಿದ್ದರು, ಅಲ್ಲೂ ಮಧ್ಯದ ಬೆಲೆ ಸೊನ್ನೆಯಾದರೆ ಇದೇ ರೋಗ.

ಇದರಲ್ಲೂ ಒಂದು ಹೊಂಡ ಇದೆ, ಕೂಡುವಾಗ:

ಒಟ್ಟು = ಒಟ್ಟು + ಮಳೆ ಇಫ್ ಮಳೆ ಈಸ್ ನಾಟ್ ನನ್ ಎಲ್ಸ್ 0

ಒಟ್ಟು 310 ಆಗಿರುವಾಗ ಒಂದು ದಿನ ‘ನನ್’ ಬಂದರೆ 310 ಉಳಿಯುವುದಿಲ್ಲ, 0 ಆಗುತ್ತದೆ. ಕೂಡುವ ಚಿಹ್ನೆ ‘ಇಫ್’ಗಿಂತ ಬಿಗಿಯಾಗಿ ಹಿಡಿಯುವುದರಿಂದ ‘ಒಟ್ಟು + ಮಳೆ’ ಪೂರ್ತಿ ಒಂದು ಕಡೆ, ಬರೀ 0 ಇನ್ನೊಂದು ಕಡೆ. ‘ಮಳೆ’ಯಿಂದ ಕೊನೆಯ 0 ತನಕ ಬ್ರಾಕೆಟ್ ಹಾಕಿ.

ಹೆಸರು ಮತ್ತೆ ಮತ್ತೆ ಬರೆಯುವ ಬೇಸರಕ್ಕೆ 2019ರ ಪೈಥಾನ್ 3.8ರಲ್ಲಿ ವಾಲ್ರಸ್ ಬಂತು, ಅಂದರೆ ಲೆಕ್ಕದ ಮಧ್ಯದಲ್ಲೇ ಬೆಲೆಗೆ ಹೆಸರು ಕೊಡುವ ‘:=’ ಚಿಹ್ನೆ. ಅದರ ಬ್ರಾಕೆಟ್ ‘ಈಸ್ ನಾಟ್ ನನ್’ ಅನ್ನೂ ಒಳಗೆ ಸೇರಿಸಿಕೊಂಡರೆ ಅಳತೆಯ ಬದಲು ‘ಟ್ರೂ’ ಅಥವಾ ‘ಫಾಲ್ಸ್’ ಹೆಸರಿನೊಳಗೆ ಕೂರುತ್ತದೆ. ‘ನನ್’ ಒಂದನ್ನೇ ನೋಡುವ ಜೋಡಿ ಪ್ರಶ್ನಾರ್ಥಕ ಚಿಹ್ನೆಯ ಪ್ರಸ್ತಾಪ 2015ರಲ್ಲೇ ಬಂದಿತ್ತು, ಭಾಷೆಗೆ ಸೇರಲಿಲ್ಲ. ಬಂದಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ. ಪಾಂಡಾಸ್ ಎಂಬ ಡೇಟಾ ಲೈಬ್ರರಿ ಬಳಸುವವರಿಗೆ ಒಂದೇ ಮಾತು: ಖಾಲಿ ಕೋಶ ಅಲ್ಲಿ ‘ನ್ಯಾನ್’ (‘ಸಂಖ್ಯೆಯಲ್ಲ’ ಎಂಬ ಗುರುತು) ಆಗುತ್ತದೆ, ಅದು ‘ನನ್’ ಅಲ್ಲ, ‘ನಿಜ’ವೂ ಹೌದು, ಇಲ್ಲಿನ ಯಾವ ಸಾಲೂ ಅದನ್ನು ಹಿಡಿಯದು. ಖಾಲಿ ಕೋಶ ತುಂಬುವ ‘ಫಿಲ್‌ನಾ’ ಬಳಸಿ.

ದಿನಕ್ಕೊಮ್ಮೆ ಓಡುವ ಸ್ಕ್ರಿಪ್ಟಿನಲ್ಲಿ ನಾಲ್ಕು ಪದ ಹೆಚ್ಚು ಟೈಪ್ ಮಾಡುವುದು ನನಗೆ ಖರ್ಚೇ ಅಲ್ಲ. ಸ್ಪ್ರಿಂಕ್ಲರಿನ ಡೀಸೆಲ್ಲು, ಕೈತಪ್ಪಿದ ರೋಬಸ್ಟಾ ಹೂವು ಖರ್ಚು. ತೋಟದ ಹೆಸರು, ಷರಾ ಮುಂತಾದ ಪಠ್ಯಕ್ಕೆ, ಅಂದರೆ ಖಾಲಿ ಸ್ಟ್ರಿಂಗ್ ಇದ್ದರೂ ‘ನನ್’ ಇದ್ದರೂ ಅರ್ಥ ಒಂದೇ ಆಗುವ ಕಡೆ, ‘ಆರ್’ ಧಾರಾಳವಾಗಿ ಬಳಸುತ್ತೇನೆ. ಸಂಖ್ಯೆ ಇರುವ ಪ್ರತಿ ಸಾಲಿಗೂ 0, ‘ನನ್’, 12.5 ಮೂರನ್ನೂ ಕೊಟ್ಟು ನೋಡಿ, ಪಕ್ಕದ ಮಳೆ 28 ಇಟ್ಟುಕೊಂಡು. ಉತ್ತರ 0, 28, 12.5 ಎಂದೇ ಬರಬೇಕು.