ಥೀಸಿಸ್‌ಗೆ ಕಾಫಿಯೋ, ಕಾಳುಮೆಣಸೋ?

ವ್ಯಾಪಾರ ಒಪ್ಪಂದದಿಂದ ಬೆಲೆ ಹೇಗೆ ಏರಿಳಿಯುತ್ತದೆ ಅಂತ ಬರೆಯಲು ಹೊರಟವರಿಗೆ ಕಾಫಿಯೇ ಸಲೀಸು. 1962ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ದೇಶ ದೇಶಕ್ಕೂ ರಫ್ತು ಕೋಟಾ ಹಾಕಿ ಬೆಲೆ ಹಿಡಿದಿಟ್ಟಿತ್ತು. 1989ರ ಜುಲೈನಲ್ಲಿ ಕೋಟಾ ಮುರಿಯಿತು, ಬೆಲೆ ದಢಾರನೆ ಬಿತ್ತು. ಹಿಂದಿನದೂ ಮುಂದಿನದೂ ಕಣ್ಣೆದುರೇ ಇದೆ, ಲೆಕ್ಕ ಸುಲಭ. ನಮ್ಮ ಬೆಳೆಗಾರರ ಕೈಗೆ ಬಂದ ಹಣ ಮಾತ್ರ ಬೇರೆಯೇ ಕಥೆ. ಆಗ ಅವರು ಬೆಳೆದದ್ದು ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೇ ಹೋಗಬೇಕಿತ್ತು.

ಮೆಣಸು ತಲೆನೋವು, ಆದರೆ ರುಚಿ ಜಾಸ್ತಿ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅದರ ಸುಂಕ ರಿಯಾಯಿತಿಗಾಗಿ ವಿಯೆಟ್ನಾಂ ಮೆಣಸು ಲಂಕೆಯ ಹೆಸರಲ್ಲಿ ಒಳಬರುತ್ತಿದೆ ಅಂತ ಕೊಡಗಿನ ಬೆಳೆಗಾರರ ದೂರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸಿನ ಆಮದಿಗೆ ತಡೆ. ಕಳ್ಳದಾರಿಯ ಸರಕಿನ ನಿಜವಾದ ಮೂಲ ಕಸ್ಟಮ್ಸ್ ಲೆಕ್ಕದಲ್ಲಿ ಸಿಗಲ್ಲ ಅಲ್ವಾ? ತೋಟ, ಮಂಡಿ ಸುತ್ತಲು ಸಮಯವಿದ್ದರೆ ಮಾತ್ರ ಇದಕ್ಕೆ ಕೈಹಾಕಿ.