ಪಾತ್ ಎಲ್ಲಿ ಬರೆಯಬೇಕು? ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ

ಸರ್ವರ್‌ಗೆ ಲಾಗಿನ್ ಆಗಿ ಕೈಯಾರೆ ಕೊಟ್ಟರೆ ಓಡುವ ಕಮಾಂಡ್, ಅದನ್ನೇ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಸುರಕ್ಷಿತವಾಗಿ ಸಂಪರ್ಕಿಸುವ ಸಾಧನ) ಜೊತೆಗೆ ಒಂದೇ ಸಾಲಿನಲ್ಲಿ ಕಳಿಸಿದರೆ ‘ಕಮಾಂಡ್ ನಾಟ್ ಫೌಂಡ್’ ಎನ್ನುತ್ತಿತ್ತು. ರಾತ್ರಿಯ ಬ್ಯಾಕಪ್ ಎರಡು ದಿನ ನಿಂತದ್ದು ಇದರಿಂದಲೇ. ಹಾಗಾಗಿ ನಮ್ಮ ಸ್ಕ್ರಿಪ್ಟ್‌ಗಳ ಫೋಲ್ಡರನ್ನು ಪಾತ್‌ಗೆ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುವ ಕೆಲಸವನ್ನು ಒಂದು ಉಬುಂಟು ಸರ್ವರ್‌ನಲ್ಲಿ ನಾಲ್ಕು ಬಗೆಯಲ್ಲಿ ಮಾಡಿ ನೋಡಿದೆ. ಶೆಲ್, ಅಂದರೆ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ, ಬ್ಯಾಶ್.

ಮೊದಲು ಹೋಮ್ ಫೋಲ್ಡರಿನ ಡಾಟ್ ಪ್ರೊಫೈಲ್ ಎಂಬ ಫೈಲ್. ಎಲ್ಲರೂ ಹೇಳಿಕೊಡುವುದು ಇದನ್ನೇ. ಆದರೆ ಇದನ್ನು ಓದುವುದು ಲಾಗಿನ್ ಆದಾಗ ಹುಟ್ಟುವ ಲಾಗಿನ್ ಶೆಲ್ ಮಾತ್ರ. ಎಸ್‌ಎಸ್‌ಎಚ್ ಹಿಂದೆಯೇ ಕಮಾಂಡ್ ಬಂದರೆ ಹುಟ್ಟುವ ಶೆಲ್ ಆ ಜಾತಿಯದಲ್ಲ. ಡಾಟ್ ಬ್ಯಾಶ್ ಪ್ರೊಫೈಲ್ ಎಂಬ ಫೈಲ್ ಇದ್ದರಂತೂ ಬ್ಯಾಶ್ ಅದನ್ನು ಓದಿ, ಡಾಟ್ ಪ್ರೊಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ.

ಎರಡನೆಯದಾಗಿ, ಬ್ಯಾಶ್‌ನ ಇನ್ನೊಂದು ಆರಂಭಿಕ ಫೈಲಾದ ಡಾಟ್ ಬ್ಯಾಶ್‌ಆರ್‌ಸಿಯ ಕೊನೆಯಲ್ಲಿ ಪಾತ್‌ನ ಸಾಲು ಬರೆದೆ. ಫಲವಿಲ್ಲ. ಉಬುಂಟುವಿನ ಬ್ಯಾಶ್ ಎಸ್‌ಎಸ್‌ಎಚ್ ಕಮಾಂಡ್‌ಗೂ ಈ ಫೈಲನ್ನು ತೆರೆಯುತ್ತದೆ, ನಿಜ. ಆದರೆ ಫೈಲಿನ ಆರಂಭದಲ್ಲೇ ಒಂದು ಪರೀಕ್ಷೆ ಇದೆ: ಎದುರಿಗೆ ಮನುಷ್ಯ ಕುಳಿತಿಲ್ಲದಿದ್ದರೆ ಇಲ್ಲಿಂದಲೇ ಹಿಂತಿರುಗು. ನನ್ನ ಸಾಲನ್ನು ಆ ಪರೀಕ್ಷೆಯ ಮೇಲಕ್ಕೆ ತಂದೆ. ಬ್ಯಾಕಪ್ ಅಂದೇ ಓಡಿತು. ಅಲ್ಲಿ ಪಠ್ಯ ಅಚ್ಚಿಸುವ ಎಕೋ ಕಮಾಂಡ್ ಮಾತ್ರ ಬೇಡ. ಸ್ವಾಗತದ ಒಂದು ಪದ ಅಚ್ಚಾದರೂ, ಫೈಲ್‌ಗಳನ್ನು ನಕಲಿಸುವ ಆರ್‌ಸಿಂಕ್ ಅದನ್ನು ತನ್ನ ದತ್ತಾಂಶವೆಂದು ಓದಿ, ‘ನಿಮ್ಮ ಶೆಲ್ ಶುದ್ಧವಾಗಿದೆಯೇ’ ಎಂದು ಕೇಳಿ ನಿಂತುಬಿಡುತ್ತದೆ.

ಮೂರನೆಯದು, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ಒಳಗೆ ಎನ್ವಿರಾನ್‌ಮೆಂಟ್ ಎಂಬ ಫೈಲ್. ಇದಕ್ಕೆ ಸರ್ವರ್ ಸಂರಚನೆಯಲ್ಲಿ ‘ಪರ್ಮಿಟ್ ಯೂಸರ್ ಎನ್ವಿರಾನ್‌ಮೆಂಟ್’ ಎಂಬುದಕ್ಕೆ ‘ಯೆಸ್’ ಬೇಕು, ಅಂದರೆ ರೂಟ್ (ಸರ್ವರ್‌ನ ಮುಖ್ಯ ನಿರ್ವಾಹಕ) ಅಧಿಕಾರ ಬೇಕು. ಮೂಲದಲ್ಲಿ ಅದು ‘ನೋ’ ಆಗಿರುವುದಕ್ಕೆ ಕಾರಣವಿದೆ: ಪ್ರೋಗ್ರಾಂಗೆ ತಮ್ಮದೇ ಲೈಬ್ರರಿಯನ್ನು ಮೊದಲು ತುಂಬಿಸುವ ಎಲ್‌ಡಿ ಪ್ರಿಲೋಡ್‌ನಂಥ ವೇರಿಯಬಲ್ ಇಟ್ಟು ಬಳಕೆದಾರರು ತಮ್ಮ ಮೇಲಿನ ನಿರ್ಬಂಧಗಳನ್ನು ದಾಟಬಹುದು. ಮೇಲಾಗಿ ಇದನ್ನು ಓದುವುದು ಶೆಲ್ ಅಲ್ಲ. ಹಳೆಯ ಪಾತ್‌ನ ಬಾಲಕ್ಕೆ ಹೊಸದನ್ನು ಅಂಟಿಸಲಾಗದು, ಶೆಲ್‌ನಲ್ಲಿ ವೇರಿಯಬಲ್‌ನ ಮೌಲ್ಯ ತಂದುಕೊಡುವ ಡಾಲರ್ ಚಿಹ್ನೆ ಇಲ್ಲಿ ಡಾಲರ್ ಆಗಿಯೇ ಉಳಿಯುತ್ತದೆ. ನಾನು ತೆಗೆದುಹಾಕಿದೆ.

ನಾಲ್ಕನೆಯದು ಸೆಂಡ್‌ಎನ್ವಿ, ನಮ್ಮ ಯಂತ್ರದ ವೇರಿಯಬಲ್‌ಗಳನ್ನು ಸರ್ವರ್‌ಗೆ ಕಳಿಸುವ ಎಸ್‌ಎಸ್‌ಎಚ್ ಸೌಲಭ್ಯ. ಇದು ಪಾತ್‌ಗೆ ತಕ್ಕದ್ದಲ್ಲ. ನನ್ನ ಲ್ಯಾಪ್‌ಟಾಪಿನ ಪಾತ್ ಸರ್ವರ್‌ಗೆ ಏಕೆ? ಆದರೆ ಭಾಷೆಗೆ ಇದೇ ಸರಿಯಾದ ದಾರಿ. ಉಬುಂಟುವಿನಲ್ಲಿ ಭಾಷೆ ತಿಳಿಸುವ ಲ್ಯಾಂಗ್ ಮತ್ತು ಎಲ್‌ಸಿ ಗುಂಪಿನ ವೇರಿಯಬಲ್‌ಗಳಿಗೆ ಎರಡೂ ತುದಿಯಲ್ಲಿ ಮೊದಲೇ ಅನುಮತಿ ಇರುತ್ತದೆ. ನನ್ನ ಕನ್ನಡ ಲೊಕೇಲ್ (ಭಾಷೆ, ಪ್ರದೇಶದ ಸಂಯೋಜನೆ) ಹೀಗೆಯೇ ಸರ್ವರ್ ತಲುಪಿತು. ಅಲ್ಲಿ ಅದನ್ನು ಸಿದ್ಧಪಡಿಸಿರಲಿಲ್ಲ. ಪರ್ಲ್ ಭಾಷೆಯ ಪ್ರೋಗ್ರಾಂಗಳಿಂದ ಎಚ್ಚರಿಕೆಗಳು ಸಾಲುಗಟ್ಟಿದವು, ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೆ ಫೈಲ್ ಹೆಸರಿನ ‘ಕ’ ಇದ್ದ ಜಾಗದಲ್ಲಿ ಅದರ ಬೈಟ್‌ಗಳ ಅಷ್ಟಮಾನ ಸಂಖ್ಯೆಗಳಾದ 340, 262, 225 ಕಂಡವು. ಲೊಕೇಲ್-ಜೆನ್ ಓಡಿಸಿ ಕನ್ನಡವನ್ನು ಸೇರಿಸಿದ ಮೇಲೆ ಹೆಸರುಗಳು ಮರಳಿ ಬಂದವು.

ಈಗ ನನ್ನ ಪಾತ್ ಬ್ಯಾಶ್‌ಆರ್‌ಸಿಯ ನೆತ್ತಿಯ ಮೇಲಿದೆ, ಭಾಷೆ ಸೆಂಡ್‌ಎನ್ವಿಯಲ್ಲಿ. ಬ್ಯಾಶ್ ಬದಲು ಜೆಡ್ ಶೆಲ್ ಬಳಸುವವರಿಗೆ ಈ ತೊಡಕಿಲ್ಲ, ಡಾಟ್ ಜೆಡ್‌ಎಸ್‌ಎಚ್‌ಎನ್ವಿಯಲ್ಲಿ ಬರೆದರೆ ಸಾಕು. ಪರೀಕ್ಷಿಸುವಾಗ ಎಸ್‌ಎಸ್‌ಎಚ್ ಹಿಂದೆ, ವೇರಿಯಬಲ್‌ಗಳನ್ನು ತೋರಿಸುವ ಪ್ರಿಂಟ್‌ಎನ್ವಿ ಕೊಡಿ. ಎಕೋ ಜೊತೆ ಡಾಲರ್ ಚಿಹ್ನೆ ಬರೆದು ಒಂಟಿ ಉದ್ಧರಣ ಚಿಹ್ನೆ ಹಾಕದಿದ್ದರೆ ಕಾಣಿಸುವುದು ಸರ್ವರ್‌ನ ಪಾತ್ ಅಲ್ಲ, ನಿಮ್ಮದೇ ಯಂತ್ರದ್ದು.